ನನ್ನ ಕಾಲಿನ ಬಗ್ಗೆ ನನಗೆ ಹೇಳಿದ ಸುಳ್ಳು

ಶಿಗ್ಗಾಂವಿಯ ಬಸ್ ನಿಲ್ದಾಣದ ಹತ್ತಿರದ ಒಂದು ಆನ್‌ಲೈನ್ ಸೆಂಟರಿನಲ್ಲಿ ನನಗೆ ಕೆಲಸ. ಝೆರಾಕ್ಸ್, ಪಹಣಿ, ಆಧಾರ್ ತಿದ್ದುಪಡಿ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಎಲ್ಲ ಆಗುತ್ತದೆ. ಬಂದವರಿಗೆ ಕಾಣುವುದು ಕಂಪ್ಯೂಟರಿನ ಹಿಂದಿನ ನನ್ನ ಮುಖ ಮತ್ತು ಕೈ ಮಾತ್ರ. ನಾನು ಎದ್ದು ಕೋಲು ಹಿಡಿದು ಪ್ರಿಂಟರಿನ ಕಡೆಗೆ ಹೊರಟಾಗ ಕೆಲವರು ಮಾತು ನಿಲ್ಲಿಸಿಬಿಡುತ್ತಾರೆ. ಕೆಲವು ತಾಯಂದಿರು, ಮನೆಯಲ್ಲಿ ಅಂಥದೇ ಒಂದು ಕೂಸು ಇರುವವರು, ಮೇಜಿನ ಮೇಲೆ ಬಾಗಿ ಮೆಲ್ಲಗೆ ಕೇಳುತ್ತಾರೆ: “ನಿಮಗ ಹುಟ್ಟಿದಾಗಿಂದ ಹಿಂಗ ಐತೇನ್ರಿ? ಎದ್ದು ನಿಂದ್ರಾಕ ಹೆಂಗ ಬಂತು?”

ಹಿಂದೆ ನಾಲ್ಕು ಜನ ನಿಂತಿರುವಾಗ ಹೇಳಲಾಗುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಹಿರೇಬೆಂಡಿಗೇರಿ. ಅಪ್ಪನಿಗೆ ಹೊಲದ ಕೆಲಸ, ಅವ್ವನಿಗೆ ಹೊಲದ್ದೂ ಮನೆಯದೂ. ನಾನು ದಿನ ತುಂಬುವ ಮೊದಲೇ ಹುಟ್ಟಿದವಳು. ಹುಟ್ಟಿದಾಗ ಅಳಲಿಲ್ಲವಂತೆ. ವಾರಗೆಯ ಮಕ್ಕಳು ಅಂಗಳದಲ್ಲಿ ಓಡಾಡುವಾಗ ನನಗೆ ಕೂರಲೂ ಬರುತ್ತಿರಲಿಲ್ಲ. ಎತ್ತಿ ನಿಲ್ಲಿಸಿದರೆ ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯುತ್ತಿದ್ದವು, ಹಿಮ್ಮಡಿ ನೆಲಕ್ಕೆ ತಾಕುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರೊಬ್ಬರು ‘ಸೆರೆಬ್ರಲ್ ಪಾಲ್ಸಿ’ ಎಂದರು. ಅವ್ವನ ಬಾಯಿಗೆ ಆ ಹೆಸರು ಹತ್ತಲಿಲ್ಲ. ಕೇಳಿದವರಿಗೆ “ತ್ರಾಸ ಇರೂದು ತಲ್ಯಾಗ, ತೋರಸೂದು ಕಾಲಾಗ” ಎನ್ನುತ್ತಿದ್ದಳು. ಆಮೇಲೆ ನಾನು ಇಂಟರ್‌ನೆಟ್ಟಿನಲ್ಲಿ ಎಷ್ಟೋ ಓದಿದೆ, ಇಷ್ಟು ಚೆನ್ನಾಗಿ ಹೇಳಿದ್ದು ಸಿಗಲಿಲ್ಲ.

ಅವ್ವ ನನ್ನನ್ನು ಎಲ್ಲಿಗೂ ಎತ್ತಿಕೊಂಡೇ ಹೋಗುತ್ತಿದ್ದಳು. ಹೊಲಕ್ಕೆ, ನೀರಿಗೆ, ಶಾಲೆಗೆ. ಅವಳ ಎಡಸೊಂಟದ ಮೇಲೆ ನನ್ನ ಜಾಗ. ಲೋಕದಲ್ಲಿ ನಾನು ಅನುಮಾನವಿಲ್ಲದೆ ನಂಬಿದ ಒಂದು ಜಾಗವಿದ್ದರೆ ಅದು ಅದೇ.

ಮೂರನೆಯ ಇಯತ್ತೆಗೆ ಬಂದಾಗ ಶಾಲೆಯ ಮಾಸ್ತರು, ಶಿಗ್ಗಾಂವಿಯಲ್ಲಿ ಇಂಥ ಮಕ್ಕಳಿಗಾಗಿ ವಾರಕ್ಕೊಮ್ಮೆ ಫಿಜಿಯೋಥೆರಪಿ ನಡೆಯುತ್ತದೆಂದು ಹೇಳಿದರು. ಒಂದು ಹಳೆಯ ಶಾಲಾ ಕೋಣೆ. ಅಲ್ಲಿಗೆ ಸವಣೂರಿನಿಂದ ಬರುತ್ತಿದ್ದವರು ಶಾಹೀನ್ ಮೇಡಂ. ಆಗಿನ್ನೂ ಕಾಲೇಜು ಮುಗಿಸಿ ಹೆಚ್ಚು ದಿನವಾಗಿರದ ಹುಡುಗಿ. ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಚಾಪೆಯ ಮೇಲೆ ಕೂತುಬಿಡುತ್ತಿದ್ದರು. ಅಲ್ಲಿಯವರೆಗೆ ನನ್ನ ಕಾಲನ್ನು ಮುಟ್ಟಿದವರೆಲ್ಲ ಎಣ್ಣೆ ಹಚ್ಚಿ ತಿಕ್ಕಿದವರು, ಎಳೆದವರು, ಮಡಚಿದವರು. ಮೇಡಂ ಮೊದಲ ದಿನವೇ ಹೇಳಿದರು: “ಇಷ್ಟ ದಿನ ಎಲ್ಲಾರೂ ನಿನ್ನ ಕಾಲ ಎಳದಾರ. ಇನ್ನ ಮ್ಯಾಲ ಎಳಿಯಾಕಿ ನೀನ.”

ಅವರು ಅವ್ವನಿಗೆ ಒಂದು ಜಾಕೀಟು ಹೊಲಿಯಲು ಹೇಳಿದರು. ಅಪ್ಪನ ಹಳೆಯ ಅಂಗಿಯನ್ನು ಕತ್ತರಿಸಿ ಅವ್ವ ಕೈಯಲ್ಲೇ ಹೊಲಿದಳು. ಮುಂದೆ ಹಿಂದೆ ಕಿಸೆಗಳು, ಕಿಸೆಯಲ್ಲಿ ಮರಳಿನ ಸಣ್ಣ ಸಣ್ಣ ಚೀಲ. ಅದನ್ನು ತೊಟ್ಟುಕೊಂಡು ಗಿಡ್ಡ ಸ್ಟೂಲಿನಿಂದ ಏಳಬೇಕು, ಕೂರಬೇಕು, ಮತ್ತೆ ಏಳಬೇಕು. ಒಂದು ತೂಕ ಸಲೀಸಾದ ಮೇಲೆ ಇನ್ನೊಂದು ಚೀಲ ಸೇರುತ್ತಿತ್ತು. ಆಮೇಲೆ ಇಟ್ಟಿಗೆಯ ಮೇಲೆ ಹತ್ತಿ ಇಳಿಯುವುದು.

“ಎದ್ದೇಳು ಗಿರಿಜಾ. ಕೈ ಹಚ್ಚಬ್ಯಾಡ.”

“ಕಾಲು ನಡಗಾಕತ್ತಾವ್ರಿ ಮೇಡಂ.”

“ನಡಗಲಿ ಬಿಡು. ಕೆಲಸ ಮಾಡಾಕತ್ತಾವು, ಅದಕ್ಕ ನಡಗತಾವು.”

ಆ ನಡುಕವನ್ನು ಹೇಗೆ ಹೇಳಲಿ? ಅದುವರೆಗೆ ನನ್ನ ಕಾಲು ಎಂದರೆ ಬಿಗಿಯುವ, ಎಡವುವ, ಬೇರೆಯವರು ಸರಿಮಾಡಿ ಇಡುವ ವಸ್ತು. ಮರಳು ಹೊತ್ತು ಎದ್ದಾಗ ಮಾತ್ರ ತೊಡೆಯೊಳಗೆ ಏನೋ ಉರಿಯುತ್ತಿತ್ತು, ಅದು ನನ್ನದು ಎನಿಸುತ್ತಿತ್ತು. ಮನೆಯಲ್ಲಿ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಅವ್ವ ಮಾಡಿಸುತ್ತಿದ್ದಳು. ನಾನು ಏಳುವಾಗ ಅವಳು ಎದುರಿಗೆ ಮೊಣಕಾಲೂರಿ ಎರಡೂ ಕೈ ಚಾಚಿ ಕೂತಿರುತ್ತಿದ್ದಳು, ಆದರೆ ಹಿಡಿಯುತ್ತಿರಲಿಲ್ಲ. ಆ ಹೊತ್ತು ಅವ್ವ ಪೂರ್ತಿ ನನ್ನವಳು. ನನ್ನ ಪುಟ್ಟ ತಮ್ಮ ಕೂಗಿದರೂ, ಎಮ್ಮೆ ಒದರಿದರೂ ಏಳುತ್ತಿರಲಿಲ್ಲ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ಹೊತ್ತು ನನಗೆ ನೆನಪಿಲ್ಲ.

ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ನಾನು ಪಡಸಾಲೆಯಿಂದ ಗೋಡೆ ಹಿಡಿದು, ತುದಿಗಾಲಿನ ಮೇಲೆಯೇ, ದನದ ಕೊಟ್ಟಿಗೆಯವರೆಗೆ ಒಬ್ಬಳೇ ಹೋದೆ. ಹೊಸದಾಗಿ ಈದ ಎಮ್ಮೆಯ ಕರುವನ್ನು ನೋಡಲು. ಯಾರೂ ಕಳಿಸಿರಲಿಲ್ಲ. ಅವ್ವ ಹಿತ್ತಲಿನಿಂದ ಬಂದವಳು ನನ್ನನ್ನು ಅಲ್ಲಿ ಕಂಡು ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟು ಗೋಡೆಗೊರಗಿ ಅತ್ತಳು.

ಊರಿನವರಿಗೆ ಕಂಡದ್ದು ಬೇರೆ. ಓಣಿಯ ಹಿರಿಯಳೊಬ್ಬಳು ನನ್ನೆದುರಿಗೇ ಅವ್ವನನ್ನು ಕೇಳಿದಳು: “ಅಲ್ಲಬೇ, ನಡಿಯಾಕ ಬರಲಾರದ ಕೂಸಿನ ಮೈಮ್ಯಾಲ ಉಸುಕ ಹೇರ್ತೀಯಲ್ಲ, ನೀ ಹಡದಾಕಿ ಹೌದೋ ಅಲ್ಲೋ?” ಅಂದು ಸಂಜೆ ಜಾಕೀಟು ತೊಡಿಸುವಾಗ ಅವ್ವ ಬಾಗಿಲು ಮುಂದೆ ಮಾಡಿದಳು.

ಬೇಸಿಗೆಯಲ್ಲಿ ಶಿಗ್ಗಾಂವಿಯಲ್ಲಿ ಒಂದು ತಪಾಸಣಾ ಶಿಬಿರವಾಯಿತು. ದೊಡ್ಡ ಊರಿನಿಂದ ಬಂದ ಡಾಕ್ಟರು ನನ್ನ ಪಾದವನ್ನು ಒಮ್ಮೆ ಮೇಲೆತ್ತಿ ನೋಡಿ, ನನ್ನನ್ನು ಹೊರಗೆ ಕೂರಿಸಿ ಅಪ್ಪ ಅವ್ವನ ಜತೆ ಮಾತಾಡಿದರು. ನನ್ನ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ಒಳಗೆ ಏನಾಯಿತೆಂದು ಯಾರೂ ಹೇಳಲಿಲ್ಲ. ದಾರಿಯುದ್ದಕ್ಕೂ ಅವ್ವ ನನ್ನ ಹಿಮ್ಮಡಿಯನ್ನು ಹಿಡಿದುಕೊಂಡೇ ಕೂತಿದ್ದಳು.

ಮುಂದಿನ ವಾರ ಶಾಹೀನ್ ಮೇಡಂ ಬರುವ ದಿನ ನಾನು ತಲೆ ಬಾಚಿಸಿಕೊಂಡು ಕೂತಿದ್ದೆ. ಅವ್ವ ಒಲೆಯ ಮುಂದಿನಿಂದ ಏಳದೆ ಹೇಳಿದಳು:

“ಇವತ್ತ ಹೋಗೂದಿಲ್ಲವಾ. ಮೇಡಂಗ ವರ್ಗ ಆತಂತ. ದೂರದ ಊರು.”

“ನನಗ ಹೇಳಲಿಲ್ಲ?”

“ಅವಸರಲೆ ಹ್ವಾದ್ರಂತ.”

“ಇನ್ನ ಬರೂದಿಲ್ಲೇನು?”

“ಇಲ್ಲವಾ.”

ಹೇಳದೆ ಹೋದರಲ್ಲ! ಮೂರು ಹೊತ್ತು ಅವರ ಹೆಸರನ್ನೇ ಜಪಿಸುತ್ತಿದ್ದ ನಾನು ಆ ದಿನದಿಂದ ಆ ಹೆಸರನ್ನು ಬಾಯಿಗೆ ತರಲಿಲ್ಲ. ಜಾಕೀಟು ಸ್ವಲ್ಪ ದಿನ ಗೂಟಕ್ಕೆ ತೂಗುತ್ತಿತ್ತು. ಆಮೇಲೆ ಅದೂ ಕಾಣಲಿಲ್ಲ. ನಾನು ಕೇಳಲಿಲ್ಲ. ಹೇಳದೆ ಹೋದವರು ಹೇಳಿಕೊಟ್ಟದ್ದು ಯಾಕೆ ಬೇಕು ಎಂದುಕೊಂಡೆ.

ಅದಾದ ಮೇಲೆ ಒಂದು ಮುಂಜಾನೆ ಅವ್ವ ನನಗೆ ಹೊಸ ಲಂಗ ತೊಡಿಸಿದಳು. ಯಲವಿಗಿಯಲ್ಲಿ ಅವ್ವನ ತವರು. ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಗೆ. ನನಗೆ ರೈಲು ಅದೇ ಮೊದಲು.

“ಹುಬ್ಬಳ್ಳ್ಯಾಗ ಏನೈತಿ ಅವ್ವಾ?”

“ಕಾಲಿನ ಫೋಟೋ ತಗಸೂದೈತಿ. ತಗಿಸಿ ಹೊಳ್ಳಿ ಬರೂದು.”

ನಾನು ಕಿಟಕಿಗೆ ಹಣೆ ಹಚ್ಚಿ ಕೂತೆ. ಅಪ್ಪ ಶೇಂಗಾ ಸುಲಿದು ಸುಲಿದು ಕೊಟ್ಟ. ಆಸ್ಪತ್ರೆಯಲ್ಲಿ ಕಾಲಿನ ಫೋಟೋ ತೆಗೆದರು. ಅಲ್ಲಿಗೆ ಮುಗಿಯಿತೆಂದು ನಾನು ಚಪ್ಪಲಿ ಕೇಳಿದೆ. ಅವ್ವ “ಇನ್ನೊಂದು ಐತಿ” ಎಂದಳು. ಹಸಿರು ಅಂಗಿ ಹಾಕಿದರು. ಗಾಲಿ ಮಂಚದ ಮೇಲೆ ಮಲಗಿಸಿದರು. ಬಾಗಿಲಿನವರೆಗೆ ಅವ್ವ ನನ್ನ ಕೈ ಹಿಡಿದು ಬಂದಳು. ಬಾಗಿಲಿನಲ್ಲಿ ಬಿಟ್ಟಳು. ನಾನು ಹೆದರಲಿಲ್ಲ. ಫೋಟೋಕ್ಕೆ ಯಾರು ಹೆದರುತ್ತಾರೆ?

ಎಚ್ಚರವಾದಾಗ ಬಾಯಿ ಒಣಗಿತ್ತು. ಮಂಡಿಯಿಂದ ಕೆಳಗೆ ಎರಡೂ ಕಾಲಿಗೆ ಬಿಳಿಯ ಗಟ್ಟಿ ಕಟ್ಟು. ಒಳಗೆ ಯಾರೋ ಕೊಡಲಿಯಿಂದ ಕಡಿಯುತ್ತಿರುವಂತೆ ನೋವು. ಅವ್ವ ಇರಲಿಲ್ಲ. ಪಕ್ಕದ ಮಂಚದ ಹತ್ತಿರ ಒಬ್ಬ ಹೆಂಗಸು, ಹಿರೇಕೆರೂರು ಕಡೆಯ ಅಬಲೂರಿನವಳು, ತನ್ನ ಮಗನಿಗೆ ಬೀಸಣಿಗೆ ಬೀಸುತ್ತಿದ್ದಳು. ಆ ಹುಡುಗನ ಕಾಲಿಗೂ ಕಟ್ಟು. ನಾನು ಕೂಗಲೂ ಬಾರದೆ ನೋಡುತ್ತಿದ್ದೆ. ಅವಳು ಎದ್ದು ಬಂದು ನನ್ನ ತುಟಿಗೆ ಒದ್ದೆ ಅರಿವೆ ಒತ್ತಿದಳು.

“ಅಪರೇಷನ್ ಮಾಡ್ಯಾರವಾ. ನಿನಗ ಹೇಳಿದ್ದಿಲ್ಲೇನು?”

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಅರಿವೆಯನ್ನು ಮತ್ತೊಮ್ಮೆ ನೀರಿಗೆ ಅದ್ದಿದಳು.

“ಬ್ಯಾನಿ ಆಕ್ಕೈತಿ. ಸುಳ್ಳ್ಯಾಕ ಹೇಳ್ಲಿ, ಇವತ್ತ ಭಾಳ ಆಕ್ಕೈತಿ, ನಾಳೆನೂ ಆಕ್ಕೈತಿ. ಆಮ್ಯಾಲ ಕಡಿಮಿ ಆಕ್ಕೋತ ಹೋಗ್ತೈತಿ. ನನ್ನ ಮಗಂದು ಹಂಗ ಆತು. ಅಳಬೇಕನಸಿದ್ರ ಅಳು, ಯಾರೂ ಬೈಯಂಗಿಲ್ಲ.”

ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಅವಳ ಹೆಸರು ನನಗೆ ಗೊತ್ತಿಲ್ಲ. ಆ ಆಸ್ಪತ್ರೆಯಲ್ಲಿ ನನಗೆ ನಿಜ ಹೇಳಿದವಳು ಅವಳೊಬ್ಬಳೇ, ಅವಳು ಹೇಳಿದ ಹಾಗೆಯೇ ನೋವು ಇಳಿಯಿತು ಕೂಡ.

ಅವ್ವ ಚಹಾದ ಲೋಟ ಹಿಡಿದು ಬಂದಳು. ನಾನು ಕೇಳಿದೆ:

“ಫೋಟೋ ಅಂದಿದ್ದಿ.”

“ಫೋಟೋನೂ ತಗದ್ರಲ್ಲವಾ” ಎಂದಳು ಅವ್ವ.

ಈಗ ನಾನು ಹಲವು ಸಂಗತಿಗಳನ್ನು ಮರೆತಿದ್ದೇನೆ, ಕೆಲವನ್ನು ಬಿಟ್ಟುಕೊಟ್ಟಿದ್ದೇನೆ. ಆ ಒಂದು ಉತ್ತರವನ್ನು ಬಿಡಲಾಗಿಲ್ಲ.

ಕಟ್ಟು ಬಿಚ್ಚಿದ ದಿನ ನನ್ನ ಪಾದಗಳು ಚಪ್ಪಟೆಯಾಗಿ ನೆಲಕ್ಕೆ ಕೂತವು. ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ನೋಡಲು ಬಂದರು. “ಹಿಮ್ಮಡಿ ನೆಲಕ್ಕ ಹತ್ತ್ಯಾವ ನೋಡ್ರಿ!” ಎಂದು ಅವ್ವ ಎಲ್ಲರಿಗೂ ತೋರಿಸಿದಳು. ಅಪ್ಪ ನನ್ನನ್ನು ಎತ್ತಿ ನಿಲ್ಲಿಸಿದ. ಮಂಡಿ ಎರಡೂ ಮುಂದಕ್ಕೆ ಬಾಗಿದವು, ಮುರಿದ ಕುರ್ಚಿಯ ಹಾಗೆ ನಾನು ಕೆಳಗಿಳಿದೆ. ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ಅಭ್ಯಾಸವಿಲ್ಲ, ಬರುತ್ತದೆ ಎಂದರು.

ಬರಲಿಲ್ಲ. ಡಾಕ್ಟರು ಕಾಯಿರಿ ಎಂದರು. ಭಾರ ಹಾಕಬಾರದು, ದಣಿಸಬಾರದು, ಬಿಗಿತ ಮತ್ತೆ ಬರುತ್ತದೆ ಎಂದರು. ಕಾದೆವು. ತುದಿಗಾಲಿನಲ್ಲಾದರೂ ಕೊಟ್ಟಿಗೆಯವರೆಗೆ ಹೋಗಿದ್ದ ನಾನು ಈಗ ಗೋಡೆ ಹಿಡಿದು ನಿಲ್ಲಲಾರದವಳಾದೆ. ಮನೆಯೊಳಗೆ ಕೈಯೂರಿ ತೆವಳುವುದು, ಹೊರಗೆ ಅವ್ವನ ಸೊಂಟ. ನಾನು ಬೆಳೆದೆ, ಭಾರವಾದೆ. ಹೈಸ್ಕೂಲಿಗೆ ಅಪ್ಪನ ಬೈಕು ಬಂತು. ಅವ್ವನ ಬೆನ್ನು ಬಾಗಿತು. ಯಾರಾದರೂ ಕೇಳಿದರೆ “ಆ ಬ್ಯಾನಿನ ಹಂಗ, ವಯಸ್ಸಾದಂಗ ಹೆಚ್ಚಾಕ್ಕೈತಿ” ಎನ್ನುತ್ತಿದ್ದಳು. ನಾನೂ ನಂಬಿದೆ. ನನ್ನ ಜಡ್ಡೇ ಅಂಥದು, ಒಂದಿಷ್ಟು ದಿನ ಆಸೆ ತೋರಿಸಿ ಹೋದವರು ಶಾಹೀನ್ ಮೇಡಂ ಎಂದುಕೊಂಡು ಬೆಳೆದೆ.

ಪಿಯುಸಿ ಆಯಿತು, ಡಿಗ್ರಿಯನ್ನು ಮನೆಯಲ್ಲೇ ಓದಿದೆ, ಕಂಪ್ಯೂಟರು ಕಲಿತೆ. ಸೆಂಟರಿನ ಕೆಲಸ ಸಿಕ್ಕಿತು. ಅಪ್ಪ ಮುಂಜಾನೆ ಬೈಕಿನಲ್ಲಿ ತಂದು ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದ. ಸಂಜೆ ಬಂದು ಎತ್ತಿಕೊಂಡು ಹೋಗುವವರೆಗೆ ನಾನು ಕುರ್ಚಿಯಿಂದ ಏಳುವಂತಿರಲಿಲ್ಲ. ಪಾಯಖಾನೆ ಕಟ್ಟಡದ ಹಿಂದೆ, ಎರಡು ಮೆಟ್ಟಿಲ ಮೇಲೆ. ಹಾಗಾಗಿ ನಾನು ನೀರು ಕುಡಿಯುವುದನ್ನು ಬಿಟ್ಟೆ. ಎಷ್ಟೇ ಬಿಸಿಲಿರಲಿ, ತಲೆ ಸಿಡಿಯಲಿ, ಸಂಜೆಯವರೆಗೆ ಹನಿ ನೀರಿಲ್ಲ. ಇದನ್ನು ಓದುತ್ತಿರುವ ಎಷ್ಟೋ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಅಂಕಪಟ್ಟಿಯ ಝೆರಾಕ್ಸಿಗೆ ಬಂದರು. ಕನ್ನಡಕ, ಅಲ್ಲಲ್ಲಿ ಬಿಳಿಗೂದಲು. ನನ್ನನ್ನೇ ನೋಡುತ್ತ ನಿಂತರು.

“ನೀ ಹಿರೇಬೆಂಡಿಗೇರಿ ಗಿರಿಜಾ ಅಲ್ಲ?”

ದನಿಯಿಂದ ಗುರುತು ಸಿಕ್ಕಿತು. ನನ್ನ ಮುಖ ಬಿಗಿಯಿತು. “ಹೌದ್ರಿ” ಎಂದೆ. ಅವರು ಮೇಜು ಸುತ್ತಿ ಒಳಗೆ ಬಂದೇಬಿಟ್ಟರು. ಕುರ್ಚಿಯ ಕೆಳಗೆ ಜೋತುಬಿದ್ದ ನನ್ನ ಕಾಲನ್ನು, ಹಿಮ್ಮಡಿಯ ಹಿಂದಿನ ಗಾಯದ ಗುರುತನ್ನು ನೋಡಿದರು.

“ನಡೀತಿ?”

“ಇಲ್ರಿ.”

“ನಿಂದರ್ತಿ?”

“ಇಲ್ರಿ.” ನಂತರ ತಡೆಯಲಾಗಲಿಲ್ಲ. “ನೀವು ಹೇಳದ ಹ್ವಾದ್ರಿ. ವರ್ಗ ಆಗಿದ್ರ ಒಂದ ಮಾತ ಹೇಳಿ ಹೋಗಬೇಕಿತ್ತು.”

“ಎಲ್ಲಿ ವರ್ಗ?” ಅವರು ಕನ್ನಡಕ ತೆಗೆದರು. “ನಾ ಇಲ್ಲೇ ಇದ್ನೆಲ್ಲ. ನೀ ಹೋದ ಮ್ಯಾಲೂ ವರ್ಷಗಟ್ಟಲೆ ಅದ ಖೋಲ್ಯಾಗ ಇದ್ದೆ. ನೀ ಬರೂದು ನಿಂತಾಗ ನಿಮ್ಮ ಮನಿಗೂ ಬಂದಿದ್ನಿ.”

“ಮನಿಗೆ?”

“ನೀ ಶಾಲಿಗೆ ಹೋಗಿದ್ದಿ. ನಿಮ್ಮವ್ವ ಅಂದ್ಳು, ಹುಡುಗಿ ಬರಾಕ ಒಲ್ಲೆ ಅಂತಾಳ್ರಿ, ನಿಮ್ಮ ಹೆಸರ ತಗದ್ರ ಹೆದರಿ ಅಳ್ತಾಳ್ರಿ ಅಂತ. ನಾ ಜುಲುಮಿ ಮಾಡಿದ್ನೇನೋ ಅಂತ ಎಷ್ಟ ದಿನ ಮನಸಿಗೆ ಹಚಗೊಂಡಿದ್ನಿ ಗೊತ್ತೈತೇನು? ಬ್ಯಾರೆ ಮಕ್ಕಳಿಗೂ ಭಾರ ಹಾಕಾಕ ಹೆದರತಿದ್ನಿ.”

ಹೊರಗೆ ಯಾರೋ ಪಹಣಿಗಾಗಿ ಕರೆಯುತ್ತಿದ್ದರು.

“ಅಪರೇಷನ್ ಮಾಡಿಸಿದ್ದು ತಪ್ಪೇನ್ರಿ?” ಎಂದು ಕೇಳಿದೆ. ಅವರು ಹೌದು ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಹಂಗ ಹೇಳಾಕ ಆಗಂಗಿಲ್ಲ ಗಿರಿಜಾ. ನಿನ್ನ ಹಿಮ್ಮಡಿ ಖರೇನ ಬಿಗಿ ಇದ್ವು. ಎಂದರ ಒಂದ ದಿನ ಬೇಕಾಕ್ಕಿತ್ತೇನೋ. ಆದ್ರ ಕೊಯ್ದ ಮ್ಯಾಲ ಕಾಲಿಗೆ ಶಕ್ತಿ ತುಂಬಬೇಕಿತ್ತು. ಅದನ್ನ ಯಾರೂ ಮಾಡ್ಲಿಲ್ಲ. ಖಾಲಿ ಬಿಟ್ರು.” ಕನ್ನಡಕ ಹಾಕಿಕೊಳ್ಳುತ್ತ ಅಂದರು, “ನಾನೂ ಮತ್ತೊಮ್ಮೆ ಬರಬೇಕಿತ್ತು. ಬರಲಿಲ್ಲ.”

ಅವರು ಈಗ ಹಾನಗಲ್ಲಿನಲ್ಲಿ ಒಂದು ಖೋಲಿ ಹಿಡಿದು ಮಕ್ಕಳಿಗೆ ವ್ಯಾಯಾಮ ಮಾಡಿಸುತ್ತಾರಂತೆ. ಬಾ ಎಂದರು.

ಸಂಜೆ ಮನೆಗೆ ಹೋದಾಗ ಅವ್ವ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಅಪ್ಪ ನನ್ನನ್ನು ಅವಳ ಎದುರಿಗೆ ಚಾಪೆಯ ಮೇಲೆ ಇಳಿಸಿದ.

“ಶಾಹೀನ್ ಮೇಡಂ ಬಂದಿದ್ರು ಅಂಗಡಿಗೆ.”

ಅವ್ವನ ಕೈ ನಿಲ್ಲಲಿಲ್ಲ. “ಯಾವ ಮೇಡಂ?”

“ನಿನಗ ಗೊತ್ತೈತಿ ಯಾವ ಮೇಡಂ ಅಂತ. ಅವ್ರಿಗೆ ವರ್ಗ ಆಗಿದ್ದಿಲ್ಲ.”

ಅವಳು ಇನ್ನೂ ನಾಲ್ಕಾರು ಕಾಯಿ ಬಿಡಿಸಿದಳು. “ಇಲ್ಲ” ಎಂದಳು.

“ನಾ ಅವರಿಗೆ ಹೆದರ್ತೇನಿ ಅಂತ ಹೇಳಿದ್ಯಂತ. ನಾ ಅವ್ರ ದಾರಿ ಕಾಯ್ಕೋತ ಕುಂದರತಿದ್ನಿ ಅವ್ವಾ. ಯಾಕ ಹಂಗಂದಿ?”

ಮೊದಲು ಅವಳು ಡಾಕ್ಟರ ಮೇಲೆ ಹಾಕಿದಳು. ಭಾರ ಎತ್ತಿಸಿದರೆ ಕಾಲು ಇನ್ನೂ ಬಿಗಿಯುತ್ತದೆ ಎಂದರಂತೆ. ಮಂದಿಯ ಮೇಲೆ ಹಾಕಿದಳು. ನಿನಗೆ ತಿಳಿಸಿದ್ದರೆ ನೀನು ಮೇಡಂಗೆ ಹೇಳುತ್ತಿದ್ದೆ, ಅವರು ಬೇಡ ಎನ್ನುತ್ತಿದ್ದರು, ನೀನು ಅವರ ಮಾತನ್ನೇ ಕೇಳುತ್ತಿದ್ದೆ ಎಂದಳು. ನಾನು ಪ್ರತಿಯೊಂದಕ್ಕೂ “ಅದಕ್ಕ ಸುಳ್ಳ ಹೇಳಬೇಕಿತ್ತೇನು?” ಎಂದೆ. ಕೊನೆಗೆ ಅವಳ ಕೈ ನಿಂತಿತು.

“ನನಗ ಸಾಕಾಗಿತ್ತು” ಎಂದಳು.

ಮೆಣಸಿನಕಾಯಿ ರಾಶಿಯನ್ನೇ ನೋಡುತ್ತ ಮುಂದುವರಿಸಿದಳು:

“ಮುಂಜಾನೆದ್ದು ನಿನ್ನ ಎಬ್ಬಸೂದು, ಆ ಜಾಕೀಟ ಹಾಕೂದು, ನೀ ನಡಗೂದು ನೋಡೂದು. ಹೊಲಕ್ಕ ಕಸ ತಗಿಯಾಕ ಹ್ವಾದ್ರೂ ಅದ ತಲ್ಯಾಗ, ಸಂಜೀಕ ಮತ್ತ ಮಾಡಸಬೇಕಲ್ಲ ಅಂತ. ಮೇಡಂ ಅಂತಿದ್ರು, ಇದು ದಿನಾ ಮಾಡೂದು, ನಿಂದರಸೂದಲ್ಲ ಅಂತ. ಆ ಡಾಕ್ಟರ ಒಮ್ಮೆ ಕೊಯ್ದ್ರ ಮುಗೀತು ಅಂದ. ನೀ ಹುಟ್ಟಿದಾಗಿಂದ ಮುಗೀತು ಅಂತ ನನಗ ಯಾರೂ ಹೇಳಿದ್ದಿಲ್ಲ ಗಿರಿಜಾ. ಅದಕ್ಕ ನಂಬಿದ್ನಿ.”

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಕೈಯೆಲ್ಲ ಖಾರ.

ಹೊಸ್ತಿಲ ಹತ್ತಿರ ಕೂತಿದ್ದ ಅಪ್ಪ ಹೇಳಿದ, “ಒಬ್ಬಾಕಿ ಎಷ್ಟಂತ ಮಾಡಬೇಕು ಬಿಡವಾ. ಆದದ್ದ ಆತು.”

“ನೀ ಯಾಕ ಮಾಡ್ಲಿಲ್ಲಪಾ?” ಎಂದೆ. ಅಪ್ಪ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ.

ಡಾಕ್ಟರು ಅವಳಿಗೂ ಮೋಸ ಮಾಡಿದ್ದರು ಎಂದಷ್ಟೇ ಆಗಿದ್ದರೆ ನಾನು ಅವಳನ್ನು ಅಪ್ಪಿಕೊಂಡು ಇಬ್ಬರೂ ಅವರನ್ನು ಬೈಯಬಹುದಿತ್ತು. ಇದನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಆ ಮುಂಜಾನೆಗಳು, ಅವ್ವ ಎದುರಿಗೆ ಕೈ ಚಾಚಿ ಕೂತ ಆ ಹೊತ್ತು, ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಸುಖ. ಅವಳು ಅದೇ ಹೊತ್ತಿನಲ್ಲಿ ಇದು ಯಾವಾಗ ಮುಗಿದೀತೋ ಎಂದು ಕೂತಿದ್ದಳು. ಅಪರೇಷನ್ನಿನ ಸುಳ್ಳಿಗಿಂತ, ಮೇಡಂನ ಸುಳ್ಳಿಗಿಂತ, ನನಗೆ ಹೆಚ್ಚು ಚುಚ್ಚಿದ್ದು ಇದು. ಅವಳ ದಣಿವು ನ್ಯಾಯದ್ದೇ. ಅಷ್ಟು ಬುದ್ಧಿ ನನಗಿದೆ. ಬುದ್ಧಿಗೆ ತಿಳಿದದ್ದು ಎದೆಗೆ ಇಳಿಯಬೇಕಲ್ಲ!

ಮುಂದಿನ ರವಿವಾರ ಅಪ್ಪನಿಗೆ ಹಾನಗಲ್ಲಿಗೆ ಕರೆದುಕೊಂಡು ಹೋಗು ಎಂದೆ. ಅಪ್ಪ ಬೈಕು ತೆಗೆದ.

ಮೇಡಂನ ಖೋಲಿ ತುಂಬ ಸಣ್ಣ ಮಕ್ಕಳು. ನಾನೊಬ್ಬಳೇ ದೊಡ್ಡವಳು. ಮೊದಲ ದಿನ ಎರಡು ಕುರ್ಚಿಗಳ ನಡುವೆ ಹಿಡಿದುಕೊಂಡು ಏಳಲು ನೋಡಿದೆ, ಅರ್ಧಕ್ಕೇ ಬಿದ್ದೆ. ತಿಂಗಳುಗಟ್ಟಲೆ ಎತ್ತರದ ಸ್ಟೂಲಿನಿಂದ ಏಳುವುದು, ಅದು ಬಂದ ಮೇಲೆ ಸ್ಟೂಲು ತಗ್ಗಿಸುವುದು, ಆಮೇಲೆ ಮರಳು. ಕಾಲಿಗೆ ಚೀಲ ಕಟ್ಟಿ ಮಂಡಿ ನೀಡುವುದು. ಮರುದಿನ ತೊಡೆ ಮುಟ್ಟಿದರೆ ಅಳು ಬರುವಷ್ಟು ನೋವು. ಹಿರೇಕೆರೂರು ಕಡೆಯಿಂದ ಬರುತ್ತಿದ್ದ ಒಂದು ಪುಟ್ಟ ಹುಡುಗಿಗೆ ನನ್ನದೇ ತರದ ಕಾಲು. ಅವಳಿಗೆ ನನ್ನ ಮೇಲೆ ಒಂದು ಕಣ್ಣು. ನಾನು ಕಳ್ಳತನದಿಂದ ಗೋಡೆಗೆ ಕೈ ಇಟ್ಟರೆ ಖೋಲಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು, “ಮೇಡಂ, ದೊಡ್ಡಕ್ಕ ಕೈ ಹಚ್ಯಾಳ್ರಿ!” ಎಷ್ಟೋ ರವಿವಾರ ನಾನು ಹೋದದ್ದು ಅವಳ ಆ ಕೂಗಿಗಾಗಿ.

ಪವಾಡ ಆಗಲಿಲ್ಲ. ನಾನು ಓಡುವುದಿಲ್ಲ. ದೂರ ನಡೆಯುವುದೂ ಇಲ್ಲ. ಬೆಳೆಯುವ ವಯಸ್ಸಿನಲ್ಲಿ ಕಳೆದದ್ದು ಪೂರ್ತಿ ತಿರುಗಿ ಬರುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಆದರೆ ಒಂದು ದಿನ ಸೆಂಟರಿನಲ್ಲಿ ಕುರ್ಚಿಯಿಂದ ಎದ್ದೆ, ಕೋಲು ಹಿಡಿದೆ, ಹಿಂದಿನ ಬಾಗಿಲಿನಿಂದ ಹೊರಟೆ, ಮೆಟ್ಟಿಲು ಹತ್ತಿದೆ, ಚಿಲಕ ಹಾಕಿಕೊಂಡೆ. ಯಾರೂ ನೋಡಲಿಲ್ಲ. ತಿರುಗಿ ಬಂದು ಮೇಜಿನ ಮೇಲಿನ ಬಾಟಲಿಯಿಂದ ಹೊಟ್ಟೆ ತುಂಬ ನೀರು ಕುಡಿದೆ. ಬೇಸಿಗೆಯ ಮಧ್ಯಾಹ್ನ. ಆ ನೀರಿನ ರುಚಿಗೆ ಸಮನಾದದ್ದನ್ನು ನಾನು ಅಲ್ಲಿಯವರೆಗೆ ಕುಡಿದಿರಲಿಲ್ಲ.

ಮನೆಯಲ್ಲಿ ಅವ್ವನ ಜತೆ ಬೇಕಾದಷ್ಟೇ ಮಾತು. ಊಟ ಹಾಕು, ಸಾಕು, ಹೋಗಿ ಬರ್ತೇನಿ. ಅವಳು ಒಂದು ಮುಂಜಾನೆ ನನ್ನ ಸ್ಟೂಲಿನ ಎದುರಿಗೆ ಬಂದು ಕೂರಲು ನೋಡಿದಳು.

“ನಾ ಮಾಡಸ್ಲೇನು?”

“ಬ್ಯಾಡ” ಎಂದೆ. ಅವಳು ಗೋಡೆ ಹಿಡಿದು ಎದ್ದು ಒಳಗೆ ಹೋದಳು. ನನಗೆ ಕೆಡುಕೆನಿಸಿತು. ಕರೆಯಲಿಲ್ಲ.

ಕಳೆದ ಸಲ ಮಳೆ ಹಿಡಿದಾಗ ನನ್ನ ಬಲಮಂಡಿ ಬಾತುಕೊಂಡಿತು. ವರ್ಷಗಟ್ಟಲೆ ತೆವಳಿದ್ದರ, ಆಮೇಲೆ ಬಾಗಿದ ಮಂಡಿಯ ಮೇಲೇ ಭಾರ ಹಾಕಿದ್ದರ ಫಲ. ಹುಬ್ಬಳ್ಳಿಯ ಇನ್ನೊಂದು ಆಸ್ಪತ್ರೆಗೆ ತೋರಿಸಿ ಎಂದರು ಮೇಡಂ. ಅಪ್ಪ ಬಿತ್ತನೆಯಲ್ಲಿದ್ದ, ತಮ್ಮ ಪರೀಕ್ಷೆಯಲ್ಲಿ. ಅವ್ವ ಸೆರಗು ಹೊದ್ದು ಬಾಗಿಲಲ್ಲಿ ನಿಂತಳು. ನಾನು ಬೇಡ ಎನ್ನಲಿಲ್ಲ.

ಕಾಯುವ ಕೋಣೆಯಲ್ಲಿ ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತೆವು. ಎದುರಿಗೆ ಒಬ್ಬ ಹೆಂಗಸು ತನ್ನ ಮಗಳ ತಲೆಯನ್ನು ತೊಡೆಯ ಮೇಲಿಟ್ಟು ತಟ್ಟುತ್ತಿದ್ದಳು. ಅವ್ವ ಅವರನ್ನೇ ನೋಡುತ್ತಿದ್ದಳು. ನಾನು ಅವ್ವನನ್ನು ನೋಡುತ್ತಿದ್ದೆ. ಹೆಸರು ಕರೆದರು.

ಡಾಕ್ಟರು ಚಿಕ್ಕ ವಯಸ್ಸಿನವರು. ನನ್ನ ಮಂಡಿ ಮಡಚಿ ನೋಡಿದರು, ತೆಗೆಸಿಕೊಂಡು ಹೋಗಿದ್ದ ಎಕ್ಸ್‌ರೇ ನೋಡಿದರು. ಕುರ್ಚಿಯನ್ನು ಅವ್ವನ ಕಡೆಗೆ ಎಳೆದುಕೊಂಡು ಶುರುಮಾಡಿದರು, “ನೋಡ್ರಿ ಅಮ್ಮಾ, ನಿಮ್ಮ ಮಗಳಿಗೆ ಎರಡು ದಾರಿ ಅದಾವ...”

ಅವ್ವ ಕೈ ಅಡ್ಡ ಮಾಡಿದಳು.

“ನನಗ ಹೇಳಬ್ಯಾಡ್ರಿ ಸಾಹೇಬ್ರ. ಆಕೀಗೆ ಹೇಳ್ರಿ. ಆಕೀನ್ನ ಕೇಳ್ರಿ. ಕಾಲು ಆಕೀವು.”

ಅಷ್ಟೆಂದು ಎದ್ದಳು. ಬಾಗಿದ ಬೆನ್ನನ್ನು ಒಂದು ಕೈಯಲ್ಲಿ ಹಿಡಿದು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾಗಿ, ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. ಈಗ ಅಪರೇಷನ್ ಮಾಡಿಸಬಹುದು, ಇಲ್ಲವೇ ತೊಡೆಯ ಶಕ್ತಿ ಇನ್ನಷ್ಟು ಹೆಚ್ಚಿಸಿಕೊಂಡು ಆರು ತಿಂಗಳು ನೋಡಬಹುದು ಎಂದರು. ನಾನು ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಆಮೇಲೆ ಸದ್ಯಕ್ಕೆ ಬೇಡ, ವ್ಯಾಯಾಮ ಮುಂದುವರಿಸುತ್ತೇನೆ ಎಂದೆ. ಹಾಗೇ ಬರೆದುಕೊಂಡರು.

ಹೊರಗೆ ಅವ್ವ ಏನೂ ಕೇಳಲಿಲ್ಲ. ಬಸ್ಸು ಹತ್ತುವಾಗ ಕೇಳಲಿಲ್ಲ, ಟಿಕೀಟು ತೆಗೆಯುವಾಗ ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಅರ್ಧ ದಾರಿ ಕಳೆದು ಬಸ್ಸು ತಡಸ ದಾಟಿದ ಮೇಲೆ, ಡಾಕ್ಟರಿಗೆ ಹೇಳಿದ್ದನ್ನು ಅವಳಿಗೂ ಹೇಳಿದೆ. ಅಲ್ಲಿಯವರೆಗೆ ಅವಳನ್ನು ಕಾಯಿಸಿದ್ದು ಬೇಕೆಂದೇ.